ಊರ ಬಾನುಲಿಯ ಸಂದರ್ಶನ: ಮೈಕಿನ ಮುಂದೆ ರೈತ



ದೆಹಲಿಯ ವಾರ್ತೆ, ಬೆಂಗಳೂರಿನ ವಾರ್ತೆ, ಪ್ರದೇಶ ಸಮಾಚಾರ ಇವೆಲ್ಲವನ್ನೂ ನೀವು ಕೇಳುತ್ತ ಬಂದಿದ್ದೀರಿ. ಆದರೆ ನಿಮ್ಮ ಹೊಲದ ಬದುವಿಗೆ ತಾಗಿರುವ ಟಿ.ಸಿ. ಸುಟ್ಟು ಎಂಟು ದಿನವಾದ ಸಂಗತಿ, ಕಾಲುವೆಯ ಕೊನೆಯ ಹೊಲಗಳಿಗೆ ಸರದಿಯ ನೀರು ಮುಟ್ಟದ ಸಂಗತಿ, ಸೊಸೈಟಿಗೆ ಗೊಬ್ಬರದ ಲಾರಿ ಬಂದು ಹೋದ ಸಂಗತಿ ಆ ವಾರ್ತೆಗಳಲ್ಲಿ ಬರುವುದಿಲ್ಲ. ಬರಲಿ ಎಂದು ನಿರೀಕ್ಷಿಸುವುದೂ ಸರಿಯಲ್ಲ. ಇಡೀ ರಾಜ್ಯಕ್ಕೆಂದು ಓದುವ ಹತ್ತು ನಿಮಿಷದ ವಾರ್ತೆಯಲ್ಲಿ ಒಂದು ಊರಿನ ಪಾಲಿಗೆ ಎಷ್ಟು ಕ್ಷಣ ಸಿಕ್ಕೀತು? ನಿಮ್ಮ ಬೆಳೆಯ ಲಾಭನಷ್ಟವನ್ನು ನಿರ್ಧರಿಸುವ ಸುದ್ದಿಯಾದರೋ ಬಹುಮಟ್ಟಿಗೆ ಈ ಹತ್ತು ಕಿಲೋಮೀಟರ್ ಸುತ್ತಳತೆಯ ಒಳಗಿನದೇ ಆಗಿರುತ್ತದೆ. ಆ ಸುದ್ದಿಯನ್ನು ಊರಿನವರ ಬಾಯಿಂದಲೇ, ಪ್ರಶ್ನೆ ಉತ್ತರದ ರೂಪದಲ್ಲಿ ಕೇಳಿಸುವ ಸಾಧನವೊಂದು ಈಗ ನಮ್ಮ ನಡುವೆ ಇದೆ. ಅದೇ ಸಮುದಾಯ ಬಾನುಲಿಯ ಸಂದರ್ಶನ. ಅದನ್ನು ರೈತರು ಹೇಗೆ ಬಳಸಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಸಮುದಾಯ ಬಾನುಲಿ ಕೇಂದ್ರದ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಅದರ ಗೋಪುರ 30 ಮೀಟರಿಗಿಂತ ಎತ್ತರವಿರಬಾರದೆಂಬ ನಿಯಮವಿದೆ. ಎಫ್.ಎಂ. ತರಂಗಗಳು ನೇರ ದಾರಿಯಲ್ಲಿ ಸಾಗುವುದರಿಂದ ದೊಡ್ಡ ಗುಡ್ಡ ಅಡ್ಡ ಬಂದರೆ ಆಚೆಯವರಿಗೆ ಕೇಳಿಸದು. ಒಟ್ಟಿನಲ್ಲಿ ಧ್ವನಿ 5ರಿಂದ 10 ಕಿಲೋಮೀಟರ್ ಮುಟ್ಟಿದರೆ ಹೆಚ್ಚು. ಇದನ್ನು ಕೊರತೆಯೆಂದು ಹೇಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದೇ ಅದರ ಬಲ. ಕೇಳುವವರೆಲ್ಲರದೂ ಒಂದೇ ಬಗೆಯ ಮಣ್ಣು, ಒಂದೇ ಕಾಲುವೆ, ಒಂದೇ ಸಂತೆ. ಮೈಕಿನ ಮುಂದೆ ಒಬ್ಬ ರೈತ ತನ್ನ ಹೆಸರು, ಊರು ಹೇಳಿದನೆಂದರೆ ಕೇಳುವವರಲ್ಲಿ ಹಲವರು ಅವನ ಹೊಲವನ್ನೇ ಕಂಡಿರುತ್ತಾರೆ. ಎಕರೆಗೆ 40 ಕ್ವಿಂಟಾಲ್ ಬೆಳೆದೆನೆಂದು ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಅಲ್ಲಿ ಕಷ್ಟ.

ನಡೆದು ಬಂದ ದಾರಿ

ಸಣ್ಣ ಬಾನುಲಿ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪ್ರಸಾರ ಆರಂಭಿಸಿದಾಗ ಅವರ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಇಂದು ದೇಶವೆಲ್ಲ ಬಲ್ಲ 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ಮನೆಯಿಂದಲೇ.

ರೈತರ ಪ್ರಶ್ನೆಯನ್ನು ಬಾನುಲಿಗೆ ಹಿಂದಿರುಗಿ ಕಳುಹಿಸುವ ಕೆಲಸ ವ್ಯವಸ್ಥಿತವಾಗಿ ನಡೆದದ್ದು 1956ರಲ್ಲಿ, ಪುಣೆಯ ಸುತ್ತಿನ ಐದು ಜಿಲ್ಲೆಗಳಲ್ಲಿ. ಯುನೆಸ್ಕೋ ಸಂಸ್ಥೆಯ ನೆರವಿನಿಂದ ಸುಮಾರು 150 ಹಳ್ಳಿಗಳಲ್ಲಿ ಶ್ರೋತೃಕೂಟಗಳನ್ನು ರಚಿಸಲಾಯಿತು. ವಾರಕ್ಕೆ ಎರಡು ಸಲದಂತೆ ಒಟ್ಟು 20 ಕಾರ್ಯಕ್ರಮಗಳು. ಜನ ಒಟ್ಟಿಗೆ ಕೂತು ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ಉಳಿದ ಸಂಶಯಗಳನ್ನು ಬರೆದು ಕೇಂದ್ರಕ್ಕೆ ಕಳುಹಿಸುವುದು, ಮುಂದಿನ ಪ್ರಸಾರದಲ್ಲಿ ಉತ್ತರ ಪಡೆಯುವುದು, ಹೀಗಿತ್ತು ಕ್ರಮ. ಕೆನಡಾ ದೇಶದ ರೈತರು 1941ರಿಂದ ನಡೆಸುತ್ತಿದ್ದ ಇಂತಹುದೇ ಕೂಟಗಳು ಇದಕ್ಕೆ ಮಾದರಿ. ಪುಣೆಯ ಪ್ರಯೋಗ ಫಲಕೊಟ್ಟಿದ್ದರಿಂದ 1959ರಲ್ಲಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿದರು. 1966ರಿಂದ ಆಕಾಶವಾಣಿಯ ಕೇಂದ್ರಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಬಂದವು. ತಂಜಾವೂರಿನ ಕಡೆ ಎ.ಡಿ.ಟಿ.-27 ಎಂಬ ಭತ್ತದ ತಳಿ ಬಾನುಲಿಯಿಂದಲೇ ಹರಡಿ, ಜನ ಅದನ್ನು 'ರೇಡಿಯೋ ಭತ್ತ' ಎಂದೇ ಕರೆದರು.

ಆದರೆ ಇವೆಲ್ಲವೂ ಸರಕಾರದ ಕೇಂದ್ರಗಳಾಗಿದ್ದವು. 1995ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪು ಕೊಟ್ಟಿತು. (ವ್ಯಾಜ್ಯ ಹುಟ್ಟಿದ್ದು ಕ್ರಿಕೆಟ್ ಪಂದ್ಯದ ಪ್ರಸಾರದ ವಿಷಯಕ್ಕೆ, ಪ್ರಯೋಜನ ಹಳ್ಳಿಗೂ ಬಂತು.) 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರ ನವೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು ಮತ್ತು ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರ ಸ್ಥಾಪಿಸಲು ಅವಕಾಶವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಆರಂಭಿಸಿತು. ಬೀದರಿನ ಗಡಿಗೆ ಸಮೀಪದ ಜಹೀರಾಬಾದಿನ ಹತ್ತಿರ, ಮಾಚನೂರು ಎಂಬ ಹಳ್ಳಿಯಲ್ಲಿ 2008ರ ಅಕ್ಟೋಬರಿನಲ್ಲಿ 'ಸಂಘಂ ರೇಡಿಯೋ' ಆರಂಭವಾಯಿತು. ಕಿರುಧಾನ್ಯ ಬೆಳೆಯುವ ದಲಿತ ಮಹಿಳೆಯರೇ ಅದನ್ನು ನಡೆಸುತ್ತ ಬಂದವರು. ಬೀಜ, ಅಕ್ಕಡಿ ಬೆಳೆ, ಮನೆಮದ್ದು ಇವುಗಳ ಬಗೆಗೆ ತಮ್ಮ ನೆರೆಯವರನ್ನೇ ಮಾತಾಡಿಸಿ ಧ್ವನಿಮುದ್ರಿಸುವ ಈ ಹೆಂಗಸರನ್ನು ನೋಡಿದರೆ, ಸಂದರ್ಶನ ಮಾಡಲು ದೊಡ್ಡ ಓದು ಬೇಕೆಂಬ ಮಾತು ನಿಲ್ಲುವುದಿಲ್ಲ.

ಬೂದಿಕೋಟೆಯ ನೀರಿನ ಮಾತು

ಅನುಮತಿ ದೊರೆಯುವ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಪ್ರಯತ್ನ ನಡೆದಿತ್ತು. ಹೈದರಾಲಿ ಹುಟ್ಟಿದ ಊರೆಂದು ನೀವು ಅದರ ಹೆಸರು ಕೇಳಿರಬಹುದು. ಮೈರಾಡಾ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 2001ರಲ್ಲಿ ಅಲ್ಲಿ ಧ್ವನಿಮುದ್ರಣ ಕೇಂದ್ರ ತೆರೆದವು. ಗಾಳಿಯಲ್ಲಿ ಪ್ರಸಾರ ಮಾಡಲು ಅಂದು ಕಾನೂನಿನ ಅಡ್ಡಿಯಿತ್ತು. ಆದುದರಿಂದ ಮುದ್ರಿಸಿದ ಕಾರ್ಯಕ್ರಮಗಳನ್ನು ಮೊದಮೊದಲು ಸ್ವಸಹಾಯ ಸಂಘದ ಸಭೆಗಳಲ್ಲಿ ಕೇಳಿಸಿದರು. ಬಳಿಕ ಟೆಲಿವಿಷನ್ನಿನ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಧ್ವನಿ ಹರಿಸಿದರು. ಗಾಳಿಯ ದಾರಿ ಮುಚ್ಚಿದ್ದರೆ ತಂತಿಯ ದಾರಿ!

ಆ ಊರಿನಲ್ಲಿ ಕುಡಿಯುವ ನೀರಿಗೆ ತೊಂದರೆಯಾದಾಗ ಹೆಂಗಸರು ಈ ಬಾನುಲಿಯಲ್ಲಿ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಿದರು. ಹಿಂದೆ ಕಿವಿಗೊಡದಿದ್ದವರು ಇಡೀ ಊರು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಕೊಳವೆಗಳ ದುರಸ್ತಿ ನಡೆಯಿತು. ಇಲ್ಲಿ ಗಮನಿಸಬೇಕಾದದ್ದು, ಅವರು ಯಾರನ್ನೂ ಬೈಯಲು ಹೋಗಲಿಲ್ಲ, ತಮಗೆ ಬಂದ ತೊಂದರೆಯನ್ನು ಹೇಳಿದರು. ಅರ್ಜಿ ಕೊಟ್ಟರೆ ಅದನ್ನು ಓದುವವನು ಒಬ್ಬ, ಆತ ಓದದೆಯೂ ಇರಬಹುದು. ಬಾನುಲಿಯಲ್ಲಿ ಹೇಳಿದ್ದನ್ನು ಕೇಳಿಸಲಿಲ್ಲವೆಂದು ಹೇಳುವುದು ಸುಲಭವಲ್ಲ.

ವಾರ್ತೆಗೆ ನಿರ್ಬಂಧ, ಮಾಹಿತಿಗೆ ಅವಕಾಶ

ಈ ವಿಷಯದಲ್ಲಿ ಒಂದು ನಿಯಮವನ್ನು ರೈತರು ತಿಳಿದಿರಬೇಕು. ಸಮುದಾಯ ಬಾನುಲಿಯವರು ತಾವೇ ವಾರ್ತೆ ತಯಾರಿಸಿ ಓದುವಂತಿಲ್ಲ. ಪ್ರಚಲಿತ ರಾಜಕೀಯ ವಿದ್ಯಮಾನಗಳ ಕಾರ್ಯಕ್ರಮ ಮಾಡುವಂತಿಲ್ಲ. ನನಗೆ ಈ ನಿಯಮ ಅತಿಯಾದ ಎಚ್ಚರಿಕೆಯೆಂದೇ ತೋರುತ್ತದೆ. ತನ್ನ ಪಂಚಾಯಿತಿಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಬಹುದಾದ ರೈತನು ಅದನ್ನೇ ತನ್ನ ಊರ ಬಾನುಲಿಯಲ್ಲಿ ಕೇಳಬಾರದೇಕೆ? ಆದರೂ ನಿಯಮ ಇರುವವರೆಗೆ ಅದರ ಒಳಗೇ ಕೆಲಸ ಮಾಡಬೇಕು. ತಪ್ಪಿದರೆ ಕಷ್ಟಪಟ್ಟು ಪಡೆದ ಅನುಮತಿಗೇ ಕುತ್ತು ಬಂದೀತು.

ಅದೇ ನಿಯಮಾವಳಿಯು ಅನೇಕ ಸಂಗತಿಗಳನ್ನು ವಾರ್ತೆಯಲ್ಲವೆಂದು ಬಿಟ್ಟುಕೊಟ್ಟಿದೆ. ಹವಾಮಾನ, ನೀರು ಮತ್ತು ವಿದ್ಯುತ್ ಪೂರೈಕೆಯ ಪ್ರಕಟಣೆ, ಪ್ರಕೃತಿ ವಿಕೋಪ, ಸ್ಥಳೀಯ ಆಡಳಿತ ಕೊಡುವ ಆರೋಗ್ಯದ ಎಚ್ಚರಿಕೆ, ಊರ ಹಬ್ಬ ಜಾತ್ರೆ, ಪರೀಕ್ಷೆ, ಉದ್ಯೋಗದ ಮಾಹಿತಿ ಇವೆಲ್ಲ ಅದರಲ್ಲಿ ಸೇರಿವೆ. ಕೃಷಿಯ ವಿಷಯಕ್ಕಂತೂ ಅಡ್ಡಿಯೇ ಇಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿ, ಜನರ ಭಾಗವಹಿಸುವಿಕೆಯಿಂದಲೇ ತಯಾರಾಗಬೇಕೆಂಬ ವಿಧಿಯೂ ಇದೆ. ಕೇಂದ್ರದವರು ನಿಮ್ಮ ಊರಿಗೆ ಮೈಕು ತರುವುದು ಉಪಕಾರಕ್ಕಲ್ಲ. ಅದು ಅವರ ಕರ್ತವ್ಯ. ಹಾಗಾದರೆ ವಿದ್ಯುತ್ ಕಚೇರಿಯ ಅಧಿಕಾರಿಯನ್ನು ಕೂಡಿಸಿಕೊಂಡು ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆಂದು ಕೇಳುವುದಕ್ಕೆ ಯಾವ ನಿರ್ಬಂಧವಿದೆ? ಯಾವುದೂ ಇಲ್ಲ. ಆ ಪಕ್ಷ ಹೀಗೆ ಮಾಡಿತು, ಈ ಪಕ್ಷ ಹಾಗೆ ಮಾಡಿತು ಎಂದು ಹೋಗುವುದು ಮಾತ್ರ ಬೇಡ.

ಎರಡನೆಯ ಪ್ರಶ್ನೆ

ಅನೇಕ ಸಂದರ್ಶನಗಳು ಹೀಗೆ ಸಾಗುತ್ತವೆ:

"ಏನ್ರೀ ಯಜಮಾನರ, ಈ ಸಲ ಮಳಿ ಬೆಳಿ ಹ್ಯಾಂಗದಾವ್ರಿ?"

"ಚಲೋ ಅದಾವ್ರಿ. ದೇವರು ನಡಸ್ಯಾನ."

"ಸರಕಾರದಿಂದ ಏನರ ಸವಲತ್ತು ಬಂದಾವೇನ್ರಿ?"

"ಬಂದಾವ್ರಿ. ಇನ್ನೂ ಬರಬೇಕ್ರಿ."

ಇದರಿಂದ ಕೇಳುಗನಿಗೆ ದೊರೆತದ್ದೇನು? ಈಗ ಇನ್ನೊಂದು ಬಗೆಯನ್ನು ನೋಡಿ:

"ಅಣ್ಣಾರ, ಗೋವಿನಜ್ವಾಳ ಯಾವಾಗ ಬಿತ್ತೀರಿ?"

"ಆರಿದ್ರಾ ಮಳಿ ಹೊಕ್ಕ ಎರಡನೇ ದಿನಕ್ಕ ಬಿತ್ತೇನ್ರಿ. ಎರಡು ಎಕರೆ."

"ಹುಳ ಯಾವಾಗ ಕಂಡ್ತರಿ?"

"ಹದಿನೈದು ದಿನದ ಬೆಳಿ ಇತ್ತು. ಹತ್ತು ಗಿಡ ನೋಡಿದರ ಮೂರರ ಸುಳ್ಯಾಗ ಹಿಕ್ಕಿ ಇತ್ರಿ."

"ಔಷಧ ಹೊಡದ್ರಿ?"

"ಹೊಡದೆ. ಕೆಲಸ ಕೊಡಲಿಲ್ರಿ."

"ಯಾವ ಹೊತ್ತಿನ್ಯಾಗ ಹೊಡದ್ರಿ?"

"ಮಟಮಟ ಮಧ್ಯಾಹ್ನದಾಗ್ರಿ."

ಇಲ್ಲಿ ಎಲ್ಲವೂ ಬಯಲಾದದ್ದು ಕೊನೆಯ ಪ್ರಶ್ನೆಯಿಂದ. ಫಾಲ್ ಸೈನಿಕ ಹುಳು ಬಿಸಿಲಿನ ಹೊತ್ತು ಸುಳಿಯ ಒಳಗೆ ಅಡಗಿ ಕೂರುತ್ತದೆ. ಬೆಳಿಗ್ಗೆ ಅಥವಾ ಸಂಜೆ, ಸಿಂಪರಣೆಯ ಮೂತಿಯನ್ನು ಸುಳಿಯ ಕಡೆಗೆ ಹಿಡಿದು ಹೊಡೆದರೆ ಮಾತ್ರ ಔಷಧ ಹುಳುವಿಗೆ ತಗಲುತ್ತದೆ. "ಕೆಲಸ ಕೊಡಲಿಲ್ಲ" ಎಂಬಲ್ಲಿಗೇ ಸಂದರ್ಶನ ಮುಗಿದಿದ್ದರೆ ಆ ಔಷಧವೇ ನಿರುಪಯೋಗಿ ಎಂಬ ಮಾತು ಹತ್ತು ಹಳ್ಳಿಗೆ ಹರಡುತ್ತಿತ್ತು. ರೈತರು ಅಂಗಡಿಗೆ ಓಡಿ ಅದಕ್ಕಿಂತ ತೀಕ್ಷ್ಣವಾದುದನ್ನು ಕೇಳುತ್ತಿದ್ದರು. ಈ ಹುಳು ನಮ್ಮ ದೇಶದಲ್ಲಿ ಮೊದಲು ಕಂಡುಬಂದದ್ದು 2018ರ ಮೇ ತಿಂಗಳಿನಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿಯೇ. ಹೊಸ ಪೀಡೆ ಬಂದಾಗ ವಿಜ್ಞಾನಿಗಿಂತ ವದಂತಿ ಬೇಗ ಹೊಲ ತಲಪುತ್ತದೆ. ಅಂತಹ ಹೊತ್ತಿನಲ್ಲಿ ಊರ ಬಾನುಲಿಯ ಅರ್ಧ ಗಂಟೆಯ ಮಾತುಕತೆಗೆ ಬೆಲೆ ಕಟ್ಟಲಾಗದು.

ಅಧಿಕಾರಿಗಳ ಸಂದರ್ಶನದಲ್ಲಿಯೂ ಈ ಎರಡನೆಯ ಪ್ರಶ್ನೆ ಅವಶ್ಯ. "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ಉತ್ತರ ಬಂದೊಡನೆ ಧನ್ಯವಾದ ಹೇಳಿ ಮುಗಿಸಬೇಡಿ. ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ, ಆಗದಿದ್ದರೆ ನಾವು ಯಾರನ್ನು ಕಾಣಬೇಕು ಎಂದು ಮೆಲ್ಲನೆ ಕೇಳಿ. ಇದರಲ್ಲಿ ಅಗೌರವವೇನೂ ಇಲ್ಲ. ಪ್ರಶ್ನೆಗಳನ್ನು ನಾಲ್ಕು ದಿನ ಮುಂಚೆ ಅವರಿಗೆ ಕಳುಹಿಸಿದರೆ ಕಾಗದಪತ್ರ ನೋಡಿಕೊಂಡು ಬರುತ್ತಾರೆ. ದಿಢೀರೆಂದು ಕೇಳಿ ತಬ್ಬಿಬ್ಬು ಮಾಡಿದರೆ ಒಂದು ದಿನ ನಗಬಹುದು; ಮರುಸಲ ಅವರು ಬರುವುದಿಲ್ಲ.

'ಸೊನ್ನೆ ಬಿಂದು ನಾಲ್ಕು'

ಬಾನುಲಿಯಲ್ಲಿ ಅಂಕಿಗಳು ಬಹಳ ಅಪಾಯಕಾರಿ. ಪತ್ರಿಕೆಯಲ್ಲಾದರೆ ಮತ್ತೆ ಓದಬಹುದು, ಬಾನುಲಿಯಲ್ಲಿ ಮಾತು ಹೋಯಿತೆಂದರೆ ಹೋಯಿತು. ಉದಾಹರಣೆಗೆ, ಮೇಲೆ ಹೇಳಿದ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಪುಡಿಯನ್ನು ಲೀಟರ್ ನೀರಿಗೆ 0.4 ಗ್ರಾಂ ಬಳಸಬೇಕು. ಮೈಕಿನಲ್ಲಿ "ಸೊನ್ನೆ ಬಿಂದು ನಾಲ್ಕು" ಎಂದು ಹೇಳುವಾಗ ಎಮ್ಮೆ ಕೂಗಿತು, ಮಗು ಅತ್ತಿತು, ಕೇಳಿಸಿದ್ದು "ನಾಲ್ಕು" ಮಾತ್ರ. ಹತ್ತು ಪಾಲು ಹೆಚ್ಚು ವಿಷ! ಖರ್ಚು ಹತ್ತು ಪಟ್ಟು, ಹೊಡೆಯುವವನ ಜೀವಕ್ಕೂ ಅಪಾಯ. ಅದರ ಬದಲು "15 ಲೀಟರಿನ ಒಂದು ಟ್ಯಾಂಕಿಗೆ 6 ಗ್ರಾಂ, ಎಕರೆಗೆ 200 ಲೀಟರ್ ನೀರು ಬೇಕಾದರೆ ಒಟ್ಟು 80 ಗ್ರಾಂ" ಎಂದರೆ ತಪ್ಪು ಕೇಳುವ ಸಂಭವ ಕಡಿಮೆ. ವಿಜ್ಞಾನಿಗಳು ಮಾತಾಡುವಾಗ ಹೆಕ್ಟೇರ್ ಲೆಕ್ಕ ಹೇಳುವುದು ನಮ್ಮ ಜಾತಿಯ ಚಾಳಿ. ನೀವು ತಡೆದು, "ಸ್ವಾಮಿ, ಎಕರೆಗೆ ಹೇಳಿ" ಎನ್ನಿ. ಹೆಕ್ಟೇರಿನ ಪ್ರಮಾಣವನ್ನು ಎಕರೆಗೆ ಹಾಕಿದರೆ ಎರಡೂವರೆ ಪಟ್ಟಾಗುತ್ತದೆ.

ಗೊಬ್ಬರದ ವಿಷಯದಲ್ಲಿಯೂ ಹೀಗೆಯೇ. ಸಂದರ್ಶನದಲ್ಲಿ ಹಿರಿಯ ರೈತರೊಬ್ಬರು "ಎಕರೆಗೆ ಎರಡು ಚೀಲ ಯೂರಿಯಾ ಹಾಕುತ್ತಿದ್ದೆ" ಎಂದರೆ, ಅದು ಯಾವ ಕಾಲದ ಚೀಲ? ಹಿಂದೆ 50 ಕೆ.ಜಿ. ಇದ್ದ ಯೂರಿಯಾ ಚೀಲ 2018ರಿಂದ 45 ಕೆ.ಜಿ. ಆಯಿತು. 50 ಕೆ.ಜಿ. ಚೀಲದಲ್ಲಿ 23 ಕೆ.ಜಿ. ಸಾರಜನಕವಿದ್ದರೆ 45ರಲ್ಲಿ 20.7 ಕೆ.ಜಿ. ಮಾತ್ರ. ಆದ್ದರಿಂದ ಚೀಲದ ಜೊತೆಗೆ ಕಿಲೋ ಲೆಕ್ಕವನ್ನೂ ಹೇಳಿಸಬೇಕು.

ಧಾರಣೆಯ ಮಾತು ಬಂದಾಗಲೂ ಎಚ್ಚರವಿರಲಿ. ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. ಮೈಕಿನ ಮುಂದೆ ಕೂತವರು ಹೆಮ್ಮೆಗೆ ಗರಿಷ್ಠ ದರವನ್ನೇ ಹೇಳುತ್ತಾರೆ. ಅದು ಒಂದೇ ಒಂದು ಒಳ್ಳೆಯ ರಾಶಿಗೆ ಸಿಕ್ಕ ಬೆಲೆಯಿರಬಹುದು. ಹೆಚ್ಚಿನ ಮಾಲು ಮಾರಾಟವಾದದ್ದು ಮಾದರಿ ದರಕ್ಕೆ. ಅದರೊಡನೆ ಅಂದಿನ ಆವಕ ಎಷ್ಟು ಕ್ವಿಂಟಾಲ್, ಕಾಳಿನ ತೇವಾಂಶ ಎಷ್ಟು ಎಂದು ಕೇಳಿದರೆ ಮಾತ್ರ ನಿಮ್ಮ ಮಾಲನ್ನು ಇಂದು ಒಯ್ಯಬೇಕೋ ಎಂಟು ದಿನ ತಡೆಯಬೇಕೋ ತಿಳಿಯುತ್ತದೆ.

ಇನ್ನು ಬೆಳೆ ವಿಮೆ. ಆಲಿಕಲ್ಲು ಬಿದ್ದರೆ ಅಥವಾ ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬುದು ಫಸಲ್ ಬಿಮಾ ಯೋಜನೆಯ ನಿಯಮ. ಕಟಾವು ಮಾಡಿ ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ 14 ದಿನದವರೆಗೆ ರಕ್ಷಣೆ ಇದೆ. ಆಲಿಕಲ್ಲು ಬಿದ್ದ ಮರುದಿನವೇ ಬಾನುಲಿಯಲ್ಲಿ ವಿಮೆಯ ಪ್ರತಿನಿಧಿಯನ್ನೋ ಕೃಷಿ ಅಧಿಕಾರಿಯನ್ನೋ ಕೂಡಿಸಿ ಮಾತಾಡಿಸಿದರೆ ನೂರಾರು ಮನೆಗಳಿಗೆ ಉಪಕಾರ. ಅದೇ ಸಂದರ್ಶನ ಮುಂದಿನ ವಾರಕ್ಕೆ ಹೋದರೆ ಕೇಳಿದವರಿಗೆ ಉಳಿಯುವುದು ಸಂತಾಪ ಮಾತ್ರ. "ಕೂಡಲೇ ತಿಳಿಸಿ" ಎಂದು ಹೇಳಿದರೆ ಸಾಲದು. 72 ಗಂಟೆ ಎಂದರೆ ಸೋಮವಾರ ಸಂಜೆ ಆಲಿಕಲ್ಲು ಬಿದ್ದರೆ ಗುರುವಾರ ಸಂಜೆಯೊಳಗೆ, 14447 ಸಂಖ್ಯೆಗೆ ಕರೆ ಮಾಡಿ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಎಂದು ಬಿಡಿಸಿ ಹೇಳಿಸಬೇಕು.

ನಿಮ್ಮನ್ನೇ ಮಾತಾಡಿಸಲು ಬಂದಾಗ

ಮೈಕು ಕಂಡೊಡನೆ ಪುಸ್ತಕದ ಭಾಷೆಗೆ ಹೋಗಬೇಡಿ. "ನಾನು ಸಾವಯವ ಪದ್ಧತಿಯನ್ನು ಅಳವಡಿಸಿಕೊಂಡು" ಎಂದು ಶುರುಮಾಡಿದರೆ ಪಕ್ಕದ ಮನೆಯವರೇ ರೇಡಿಯೋ ಆರಿಸುತ್ತಾರೆ. ಕಟ್ಟೆಯ ಮೇಲೆ ಕೂತು ಹೇಳುವಂತೆ ಹೇಳಿ. ಬಿತ್ತಿದ ಮಳೆ, ಬೀಜದ ಹೆಸರು, ಎಷ್ಟು ಗುಂಟೆ, ಏನು ಖರ್ಚು, ಎಷ್ಟು ಚೀಲ ಬಂತು, ಇವು ನೆನಪಿನಲ್ಲಿರಲಿ. ಲಾಭ ಬಂದ ವರ್ಷದ ಜೊತೆ ಕೈಕೊಟ್ಟ ವರ್ಷವನ್ನೂ ಹೇಳಿ. ಕೇಳುವವರಿಗೆ ಎರಡನೆಯದರಿಂದಲೇ ಹೆಚ್ಚು ಪ್ರಯೋಜನ.

ಅಂಗಡಿಯವನು ಕಳಪೆ ಬೀಜ ಕೊಟ್ಟನೆಂಬ ಸಿಟ್ಟು ನಿಮಗಿರಬಹುದು. ಆದರೆ ಹೆಸರು ಹಿಡಿದು ಬಾನುಲಿಯಲ್ಲಿ ದೂರುವ ಮುನ್ನ ರಸೀದಿ, ಚೀಲ, ಚೀಲದ ಚೀಟಿ, ಉಳಿದ ಹಿಡಿ ಬೀಜ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ಇದ್ದರೆ ಮೊದಲು ಕೃಷಿ ಇಲಾಖೆಗೆ ಲಿಖಿತ ದೂರು ಕೊಡಿ. ಬಾನುಲಿಯಲ್ಲಿ, ಬೀಜ ಮೊಳೆಯದಿದ್ದರೆ ರೈತ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಎತ್ತಿ. ಆಧಾರವಿಲ್ಲದ ಆರೋಪದಿಂದ ನಿಮಗೂ ಕೇಂದ್ರಕ್ಕೂ ತೊಂದರೆ.

ಮತ್ತೊಂದು ಮಾತು. ಕೇಂದ್ರದವರು ಮನೆಗೆ ಬಂದರೆ ಗಂಡಸರೇ ಜಗಲಿಯ ಮೇಲೆ ಕೂತು ಎಲ್ಲಕ್ಕೂ ಉತ್ತರಿಸುವುದು ನಮ್ಮಲ್ಲಿ ರೂಢಿ. ಕಳೆ ತೆಗೆಯುವವರು, ಬೀಜಕ್ಕೆ ಬೂದಿ ಬೆರೆಸಿ ಇಡುವವರು, ಹಸುವಿನ ಹಾಲು ಕಡಿಮೆಯಾದದ್ದನ್ನು ಮೊದಲು ಕಾಣುವವರು ಹೆಂಗಸರು. ಆ ವಿಷಯ ಬಂದಾಗ ಅವರನ್ನೇ ಮಾತಾಡಗೊಡಿ. ಅಡಿಗೆಯ ಹೊತ್ತಿನಲ್ಲಿ ಮೈಕು ಹಿಡಿದರೆ ಯಾವ ತಾಯಿಯೂ ಎರಡು ಮಾತಿಗಿಂತ ಹೆಚ್ಚು ಆಡಲಾರಳು. ಹೊಲದಲ್ಲಿ ಬುತ್ತಿ ಬಿಚ್ಚುವ ವೇಳೆ ಒಳ್ಳೆಯದು; ಅಲ್ಲಿ ನಾಲ್ವರು ಜೊತೆಗೂ ಇರುತ್ತಾರೆ.

ಶ್ರೋತೃಕೂಟ ಮಾಡಿಕೊಳ್ಳಿ

ಹತ್ತು ಹದಿನೈದು ಮಂದಿ ವಾರಕ್ಕೊಮ್ಮೆ ಹಾಲಿನ ಡೇರಿಯ ಮುಂದೆಯೋ ಶಾಲೆಯ ಜಗಲಿಯಲ್ಲಿಯೋ ಸೇರಿ ಕಾರ್ಯಕ್ರಮ ಕೇಳಿ. ಈಗ ರೇಡಿಯೋ ಪೆಟ್ಟಿಗೆಯೇ ಬೇಕೆಂದಿಲ್ಲ; ಎಫ್.ಎಂ. ಇರುವ ಮೊಬೈಲಿಗೆ ಇಯರ್‌ಫೋನ್ ತಂತಿ ಸಿಕ್ಕಿಸಿದರೆ ಅದೇ ಏರಿಯಲ್ಲಿನ ಕೆಲಸ ಮಾಡುತ್ತದೆ, ಸ್ಪೀಕರಿನಲ್ಲಿ ಎಲ್ಲರೂ ಕೇಳಬಹುದು. ಒಬ್ಬರು ನೋಟುಪುಸ್ತಕ ಹಿಡಿದು ತಾರೀಖು, ಮಾತಾಡಿದವರು, ಕೊಟ್ಟ ಭರವಸೆ ಇಷ್ಟನ್ನು ಬರೆದಿಡಲಿ. ಉಳಿದ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳುಹಿಸಿ. ಕಾಲುವೆಯ ನೀರು ಇಂಥ ದಿನ ಬಿಡುತ್ತೇವೆ ಎಂದವರು ಬಿಡದೆ ಹೋದರೆ, ಮರುವಾರ ಆ ಪುಟ ತೆಗೆದು ಕೇಂದ್ರದವರನ್ನು ಕಂಡು, ಅದೇ ಅಧಿಕಾರಿಯನ್ನು ಮತ್ತೆ ಮಾತಾಡಿಸಲು ಹೇಳಿ. ಪ್ರಸಾರವಾದ ಪ್ರತಿಯೊಂದು ಕಾರ್ಯಕ್ರಮವನ್ನೂ ಮೂರು ತಿಂಗಳ ಕಾಲ ಕೇಂದ್ರದವರು ಕಾದಿಡಬೇಕೆಂಬ ನಿಯಮವಿದೆ. ಆ ಅವಧಿ ಮುಗಿಯುವ ಮೊದಲೇ, ನೋಟುಪುಸ್ತಕದಲ್ಲಿ ಬರೆದ ತಾರೀಖು ಹೇಳಿ ಆ ಧ್ವನಿಯನ್ನು ಮತ್ತೊಮ್ಮೆ ಕೇಳಿಸಿಕೊಳ್ಳಿ.